ಮೊದಲು ಡೇ ಕೇರ್, ಆಮೇಲೆ ಮನೆ: ಮಕ್ಕಳ ಜೊತೆ ಆಫೀಸ್ ಟೂರ್ ಮಾಡಿದ ನನ್ನ ಅನುಭವ

ಮಕ್ಕಳನ್ನು ಕರೆದುಕೊಂಡು ಟೂರ್ ಮಾಡೋದು ಆಗದ ಮಾತು ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದ್ದರು. ಎರಡು ವರ್ಷ ಆಗುತ್ತಾ ಬಂತು, ಆರಾಮಾಗಿ ಮಾಡುತ್ತಿದ್ದೇನೆ. ಅವತ್ತು ಬೇಡ ಅಂದವರಲ್ಲೇ ಒಬ್ಬರು ಮೊನ್ನೆ ಫೋನ್ ಮಾಡಿ "ಹೇಗೆ ಮಾಡ್ತೀಯ, ಸ್ವಲ್ಪ ಹೇಳೇ" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಆಸ್ಪತ್ರೆ ಲ್ಯಾಬ್‌ಗಳಲ್ಲಿ ಹೊಸ ಮಿಷನ್ ಕೂರಿಸಿದಾಗ ಅಲ್ಲಿನ ಟೆಕ್ನಿಷಿಯನ್‌ಗಳಿಗೆ ಟ್ರೇನಿಂಗ್ ಕೊಡೋದು ನನ್ನ ಕೆಲಸ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ಮಂಗಳೂರು, ಹೀಗೆ ಒಂದೊಂದು ಊರಲ್ಲಿ ಐದಾರು ದಿನ. ಮಗಳು ಎರಡನೇ ಕ್ಲಾಸ್, ಮಗನಿಗೆ ಮೂರು ವರ್ಷ. ಮನೆಯವರದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅತ್ತೆಗೆ ಮಂಡಿ ನೋವು, ನಮ್ಮ ಜೊತೆ ಓಡಾಡೋಕೆ ಆಗಲ್ಲ. ಏಪ್ರಿಲ್-ಮೇ ರಜೆ ಮತ್ತು ದಸರಾ ರಜೆಗೆ ಬರುವ ಹಾಗೆ ದೊಡ್ಡ ಟೂರ್‌ಗಳನ್ನು ಹಾಕಿಸಿಕೊಳ್ಳುತ್ತೇನೆ, ಅಷ್ಟು ನಮ್ಮ ಮ್ಯಾನೇಜರ್ ಒಪ್ಪುತ್ತಾರೆ.

ಶುರುವಿನಲ್ಲಿ ಎಲ್ಲರ ಹಾಗೆ ಹೋಟೆಲ್. ಒಂದೂ ಸರಿ ಹೋಗಲಿಲ್ಲ. ಒಂದು ಊರಲ್ಲಿ ಹೋಟೆಲ್ ಕೆಳಗೇ ಕಲ್ಯಾಣ ಮಂಟಪ. ರಾತ್ರಿ ಹನ್ನೊಂದರವರೆಗೆ ಆರ್ಕೆಸ್ಟ್ರಾ, ಬೆಳಗಿನ ಜಾವ ನಾಲ್ಕೂವರೆಗೆ ವಾಲಗ. ಮಗ ನಿದ್ದೆಯಿಂದ ಬೆಚ್ಚಿ ಬೆಚ್ಚಿ ಎದ್ದು ಅಳುತ್ತಿದ್ದ. ಅಲ್ಲಿಂದ ಮುಂದೆ ಯಾವ ಊರಿಗೆ ಹೋದರೂ ಮೊದಲು ಕ್ಯಾಲೆಂಡರ್ ತೆಗೆದು ಆ ವಾರ ಮದುವೆ ಮುಹೂರ್ತ ಇದೆಯಾ ಅಂತ ನೋಡುತ್ತೇನೆ. ಇನ್ನೊಂದು ಕಡೆ ರೂಮ್ ಚೆನ್ನಾಗಿತ್ತು, ಆದರೆ ಲಿಫ್ಟ್ ಇಳಿದರೆ ಬಾರ್ ಬಾಗಿಲಿಗೇ ಬರುತ್ತಿತ್ತು. ಮತ್ತೊಂದು ಕಡೆ ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ. ಚಿಕ್ಕ ಮಗು ಇರುವವರಿಗೆ ಬಿಸಿನೀರು ಯಾವ ಹೊತ್ತಲ್ಲಿ ಬೇಕಾಗುತ್ತೆ ಅಂತ ಹೇಳೋಕಾಗುತ್ತಾ?

ದುಡ್ಡಿನ ಲೆಕ್ಕ ಕೇಳಿ. ರೂಮ್ 2800ರ ಹತ್ತಿರ, ಎಕ್ಸ್‌ಟ್ರಾ ಬೆಡ್ 700. ಮೂರು ಜನದ ಊಟ-ತಿಂಡಿ-ಹಾಲು ಹೋಟೆಲಿನಲ್ಲೇ ಆದರೆ 1200ಕ್ಕೆ ಕಮ್ಮಿ ಇಲ್ಲ. ನಾನು ಕೆಲಸಕ್ಕೆ ಹೋದಾಗ ನೋಡಿಕೊಳ್ಳಲು ಏಜೆನ್ಸಿಯಿಂದ ಬಂದ ಆಯಾಗೆ ದಿನಕ್ಕೆ 900. ಆಕೆ ಒಳ್ಳೆಯವರೇ, ಆದರೆ ನಾಲ್ಕು ಗೋಡೆ ಮಧ್ಯೆ ಇಡೀ ದಿನ ಏನು ಮಾಡುತ್ತಾರೆ, ಟಿವಿ ಹಾಕಿ ಕೂರಿಸುತ್ತಿದ್ದರು. ಕಂಪನಿ ಕೊಡೋದು ರೂಮಿಗೆ 2500ರವರೆಗೆ, ಊಟದ ಭತ್ಯೆ 700. ಹಾಗಾಗಿ ದಿನಕ್ಕೆ ಎರಡೂವರೆ ಸಾವಿರದಷ್ಟು ನನ್ನ ಕೈಯಿಂದ ಹೋಗುತ್ತಿತ್ತು. ರೂಮಿನ ಮೇಲೆ ಆಗ 12 ಪರ್ಸೆಂಟ್ ಜಿಎಸ್‌ಟಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಅದು 5 ಪರ್ಸೆಂಟ್ ಆಗಿದೆ. ಒಳ್ಳೆಯದೇ, ಆದರೆ ನಮ್ಮ ಕಷ್ಟ ಅದರಿಂದ ತೀರಲ್ಲ.

ಯಾಕಂದ್ರೆ ಕಷ್ಟ ಇರೋದು ರಾತ್ರಿ ಎಲ್ಲಿ ಮಲಗೋದು ಅನ್ನೋದರಲ್ಲಿ ಅಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಕ್ಕಳು ಎಲ್ಲಿರುತ್ತಾರೆ ಅನ್ನೋದರಲ್ಲಿ. ಅದಕ್ಕೆ ನಾನು ಹುಡುಕೋ ಕ್ರಮವನ್ನೇ ತಿರುಗಿಸಿದೆ. ಮೊದಲು ಡೇ ಕೇರ್ ಗಟ್ಟಿ ಮಾಡಿಕೊಳ್ಳೋದು, ಆಮೇಲೆ ಅದರ ಪಕ್ಕದಲ್ಲಿ ಮನೆ. ಆಸ್ಪತ್ರೆ ಎರಡು-ಮೂರು ಕಿಲೋಮೀಟರ್ ಆಚೆ ಇದ್ದರೂ ಪರವಾಗಿಲ್ಲ, ಆಟೋದಲ್ಲಿ ನಾನೊಬ್ಬಳೇ ತಾನೇ ಹೋಗೋದು.

ಹತ್ತು ಕಡೆ ಫೋನ್ ಮಾಡಿದರೆ ಏಳೆಂಟು ಕಡೆ "ತಿಂಗಳ ಲೆಕ್ಕ ಮೇಡಂ, ವಾರಕ್ಕೆಲ್ಲಾ ತಗೊಳ್ಳಲ್ಲ" ಅನ್ನುತ್ತಾರೆ. ಅಲ್ಲೇ ಫೋನ್ ಇಡಬಾರದು. ನಾನು ಪೂರ್ತಿ ತಿಂಗಳ ಫೀ ಕೊಡುತ್ತೇನೆ, ಒಂದು ವಾರ ಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಚಿಕ್ಕವನಿಗೆ ನಾಲ್ಕು ಸಾವಿರ ಕೊಟ್ಟೆ, ಮಗಳಿಗೆ ಎರಡು ಸಾವಿರಕ್ಕೆ ಒಪ್ಪಿದರು. ಆರು ದಿನಕ್ಕೆ ಹಂಚಿದರೆ ಇಬ್ಬರಿಗೂ ಸೇರಿ ದಿನಕ್ಕೆ ಸಾವಿರ, ಆಯಾ ರೇಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಅಲ್ಲಿ ಜಾರುಬಂಡಿ ಇದೆ, ಬೇರೆ ಮಕ್ಕಳಿದ್ದಾರೆ, ಮಧ್ಯಾಹ್ನ ಮಲಗಿಸುತ್ತಾರೆ. ಹಿಂದಿನ ದಿನವೇ ಹೋಗಿ ಒಂದು ಗಂಟೆ ನಾನೂ ಜೊತೆಗೆ ಕೂರುತ್ತೇನೆ, ಅಷ್ಟಿಲ್ಲದೆ ಮರುದಿನ ಬಿಟ್ಟು ಬರೋಕೆ ನನಗೇ ಮನಸ್ಸು ಬರಲ್ಲ. ಮೊದಲ ಫೋನಿನಲ್ಲಿ ಅವರನ್ನು ಒಪ್ಪಿಸಲು ನಾನು ಹೇಳುವ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಹೇಳಿದರೆ ಕೆಲಸಕ್ಕೆ ಬರಲ್ಲ.

ಮನೆ ಹುಡುಕಿ ಕೊಟ್ಟಿದ್ದೂ ಡೇ ಕೇರ್‌ನವರೇ. ಆ ಬೀದಿಯಲ್ಲಿ ಯಾರ ಮನೆ ಮೇಲ್ಮಹಡಿ ಖಾಲಿ ಇದೆ ಅಂತ ಅವರಿಗೆ ಗೊತ್ತಿರುತ್ತೆ. ಮಗ-ಸೊಸೆ ಅಮೆರಿಕದಲ್ಲಿ, ಅವರು ಬಂದಾಗ ಇರಲಿ ಅಂತ ಮಂಚ, ಫ್ರಿಜ್, ಗ್ಯಾಸ್ ಎಲ್ಲ ಹಾಕಿ ಬೀಗ ಹಾಕಿಟ್ಟ ಮನೆಗಳು ಹುಬ್ಬಳ್ಳಿ, ಧಾರವಾಡ, ಮಂಗಳೂರಿನಲ್ಲಿ ಬೇಕಾದಷ್ಟಿವೆ. ಯಾವ ಆ್ಯಪಿನಲ್ಲೂ ಅವು ಸಿಗಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಿಕ್ಕಿದ್ದು ಅಂಥದ್ದೇ, ರಿಟೈರ್ ಆದ ದಂಪತಿಗಳ ಮನೆ. ಅಜ್ಜಿ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರು ಬರೂದಿಲ್ಲೇನ್ರಿ?" ಎಲ್ಲ ಕಡೆ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳದೆ ಕಂಪನಿ ಐಡಿ, ನನ್ನ ಆಧಾರ್, ಮಗಳ ಆಧಾರ್, ಮಗನ ನೀಲಿ ಬಾಲ ಆಧಾರ್, ನಾಲ್ಕನ್ನೂ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷದಲ್ಲಿ "ಬರ್ರಿ, ಹುಡುಗೂರನ್ನ ಕರ್ಕೊಂಡು ಬರ್ರಿ" ಅಂದರು.

ಒಪ್ಪುವ ಮುಂಚೆ ವಿಡಿಯೋ ಕಾಲ್ ಆಗಲೇಬೇಕು. ಫೋಟೋ ನಂಬಲ್ಲ. ಬಾಲ್ಕನಿಗೆ ಹೋಗಿ ಗ್ರಿಲ್ ಸಂದಿಯಲ್ಲಿ ಒಂದು ಲೀಟರ್ ನೀರಿನ ಬಾಟಲಿಯನ್ನು ನೆಟ್ಟಗೆ ಹಿಡಿದು ಆಚೆ ತೂರಿಸೋಕೆ ಹೇಳುತ್ತೇನೆ. ಸಲೀಸಾಗಿ ಆಚೆ ಹೋಯಿತು ಅಂದರೆ ಆ ಮನೆ ಬೇಡ. ಮೂರು ವರ್ಷದ ಮಗುವಿನ ತಲೆ ತೂರದಿದ್ದರೂ ಕಾಲು ತೂರುತ್ತೆ, ಸಿಕ್ಕಿಹಾಕಿಕೊಳ್ಳುತ್ತೆ. ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಇದ್ದರೆ ಬಾಡಿಗೆ ಎಷ್ಟೇ ಕಮ್ಮಿ ಇರಲಿ, ಬೇಡ. ಗಾಳಿ ಆಡದ ಬಚ್ಚಲಲ್ಲಿ ಅದರ ಹೊಗೆ ಪ್ರಾಣ ತೆಗೆಯುತ್ತೆ. ನೀರಿನ ವಿಷಯವನ್ನೂ ಬಿಡಿಸಿ ಕೇಳಬೇಕು. ಹುಬ್ಬಳ್ಳಿಯಲ್ಲಿ ಕೆಲವು ಬಡಾವಣೆಗೆ ದಿನವಿಡೀ ನಲ್ಲಿ ನೀರು, ಕೆಲವಕ್ಕೆ ಎಷ್ಟೋ ದಿನಕ್ಕೊಮ್ಮೆ. ಹಾಗಾಗಿ ಟ್ಯಾಂಕ್ ಎಷ್ಟು ದೊಡ್ಡದು, ಬೋರ್ ಇದೆಯಾ ಅಂತ ಕೇಳಿಯೇ ಮುಂದಿನ ಮಾತು. ಕಲಬುರಗಿಯಲ್ಲಿ ಏಪ್ರಿಲ್-ಮೇನಲ್ಲಿ ತಾರಸಿ ಕೆಳಗಿನ ಮಹಡಿ ಬೇಡವೇ ಬೇಡ, 40 ಡಿಗ್ರಿ ದಾಟುವ ಬಿಸಿಲಿಗೆ ಕಾದ ಸ್ಲ್ಯಾಬ್ ಮಧ್ಯರಾತ್ರಿವರೆಗೂ ಆರಲ್ಲ. ಎಸಿ ಇರುವ ಮೇಲ್ಮಹಡಿಗಿಂತ ಕೂಲರ್ ಇಟ್ಟ ನೆಲಮಹಡಿಯೇ ನನ್ನ ಆಯ್ಕೆ, ಕರೆಂಟ್ ಹೋದರೂ ಇರಬಹುದು. ಮಂಗಳೂರಿಗೆ ಮಳೆಗಾಲದಲ್ಲಿ ಹೋಗುವವರು ಮೇಲೆ ಶೀಟ್ ಹಾಕಿದ ತಾರಸಿ ಇದೆಯಾ ಕೇಳಿ. ಇಲ್ಲಾಂದ್ರೆ ಮಕ್ಕಳ ಬಟ್ಟೆ ವಾರ ಆದರೂ ಒಣಗಲ್ಲ.

ವಿದ್ಯಾನಗರದ ಮನೆಗೆ ದಿನಕ್ಕೆ 1300 ಆಯಿತು. ಬೆಳಿಗ್ಗೆ ನಾನೇ ಏನಾದರೂ ಮಾಡುತ್ತೇನೆ, ರಾತ್ರಿಗೆ ಹತ್ತಿರದ ಖಾನಾವಳಿಯಿಂದ ಚಪಾತಿ, ಪಲ್ಯ, ಅನ್ನ-ಸಾರು. ಹಾಲು-ಹಣ್ಣು ಎಲ್ಲ ಸೇರಿ ದಿನಕ್ಕೆ ನಾನೂರೈವತ್ತು. ಡೇ ಕೇರ್ ಹಣವನ್ನು ಕಂಪನಿ ಕೊಡಲ್ಲ. ಆದರೂ ನನ್ನ ಕೈಯಿಂದ ಹೋಗಿದ್ದು ದಿನಕ್ಕೆ ಏಳುನೂರು-ಎಂಟುನೂರು ಮಾತ್ರ. ಮೊದಲು ಎರಡೂವರೆ ಸಾವಿರ ಹೋಗುತ್ತಿತ್ತು ನೋಡಿ! ಕಂಪನಿಗೂ ರೂಮ್ ಲೆಕ್ಕದಲ್ಲಿ ದಿನಕ್ಕೆ ಸಾವಿರಕ್ಕೂ ಜಾಸ್ತಿ ಉಳಿಯಿತು. ಮೂಗು ಮುರಿದ ಮ್ಯಾನೇಜರ್ ಈ ಲೆಕ್ಕ ನೋಡಿದ ಮೇಲೆ ಸುಮ್ಮನಾದರು.

ಬಿಲ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮನೆ ಮಾಲೀಕರ ಹತ್ತಿರ ಜಿಎಸ್‌ಟಿ ನಂಬರ್ ಇರಲ್ಲ. ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ದಾಟದ ಸರ್ವಿಸಿಗೆ ಅದು ಬೇಕಾಗಿಯೂ ಇಲ್ಲ. ಬಿಳಿ ಹಾಳೆ ಮೇಲೆ ಹೆಸರು, ವಿಳಾಸ, ಪ್ಯಾನ್, ತಾರೀಕು, ಮೊತ್ತ ಬರೆಸಿಕೊಂಡು, 5000 ದಾಟಿದ್ದರೆ 1 ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿಕೊಳ್ಳುತ್ತೇನೆ. ಸ್ಟಾಂಪನ್ನು ಪೋಸ್ಟ್ ಆಫೀಸಿನಿಂದ ತಂದು ಪರ್ಸಿನಲ್ಲೇ ಇಟ್ಟಿರುತ್ತೇನೆ. ಜೊತೆಗೆ ಯುಪಿಐ ಸ್ಕ್ರೀನ್‌ಶಾಟ್. ನಮ್ಮ ಅಕೌಂಟ್ಸ್‌ನವರು ಮೊದಲು ವಾಪಸ್ ಕಳಿಸಿದ್ದರು, ಕವರಿಂಗ್ ಲೆಟರ್‌ನಲ್ಲಿ ಎರಡು ಸಾಲು ಬದಲಾಯಿಸಿದ ಮೇಲೆ ಪಾಸ್ ಆಯಿತು. ಆ ಎರಡು ಸಾಲು ನನ್ನ ಹತ್ತಿರವೇ ಇರಲಿ.

ಮಧ್ಯದಲ್ಲಿ ಬೇರೆ ಪ್ರಯೋಗಗಳೂ ಆದವು. ಹುಬ್ಬಳ್ಳಿ ಸ್ಟೇಷನ್ನಿನ ರಿಟೈರಿಂಗ್ ರೂಮ್ ರಾತ್ರಿ ಟ್ರೇನ್ ಇಳಿದು ಸ್ನಾನ-ತಿಂಡಿ ಮುಗಿಸೋಕೆ ಚೆನ್ನಾಗಿದೆ. ಉಳಿಯೋಕೆ ಅಲ್ಲ, ಅನೌನ್ಸ್‌ಮೆಂಟ್ ನಿಲ್ಲೋದೇ ಇಲ್ಲ. ಅಲ್ಲಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆಯಬೇಕು ಅಂತ ಮಗಳದು ಒಂದೇ ಹಟ, ಲಗೇಜ್ ಸಮೇತ ಅರ್ಧ ನಡೆದೆವು. ಮಗನಿಗೆ ಇನ್ನೂ 5 ಆಗಿಲ್ಲ, ಬರ್ತ್ ಬೇಡ ಅಂದರೆ ಟಿಕೆಟ್ ಬೇಕಿಲ್ಲ. ಮಗಳಿಗೆ ಬರ್ತ್ ಬೇಕು ಅಂದರೆ ಪೂರ್ತಿ ಚಾರ್ಜ್. ಇಂಡಕ್ಷನ್ ಒಲೆ ಹೊತ್ತುಕೊಂಡು ಹೋಗಿ ನೋಡಿದೆ, ಹಳೆ ವೈರಿಂಗ್ ಇರುವ ಮನೆಯಲ್ಲಿ ಗೀಸರ್ ಜೊತೆ ಹಾಕಿದ ಕೂಡಲೇ ಟ್ರಿಪ್. ಒಂದು ಲೀಟರಿನ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಸಾಕು, ಅನ್ನ, ಪೊಂಗಲ್, ಮೊಟ್ಟೆ ಎಲ್ಲ ಅದರಲ್ಲೇ ಆಗುತ್ತೆ.

ಈಗ ಹುಬ್ಬಳ್ಳಿಗೆ ಹೋದರೆ ಅದೇ ಡೇ ಕೇರ್, ಅದೇ ಮನೆ. ಎರಡನೇ ಸಲದಿಂದ ಡೇ ಕೇರ್‌ನವರು ದಿನದ ಲೆಕ್ಕಕ್ಕೇ ಒಪ್ಪಿದರು, ಅಲ್ಲೂ ಖರ್ಚು ಇಳಿಯಿತು. ಕಲಬುರಗಿ, ಮಂಗಳೂರು, ದಾವಣಗೆರೆಯಲ್ಲೂ ಒಂದೊಂದು ಜೋಡಿ ಗೊತ್ತು ಮಾಡಿಕೊಂಡಿದ್ದೇನೆ. ಶಿವಮೊಗ್ಗ ಮಾತ್ರ ಬಾಕಿ. ದಸರಾ ರಜೆಗೆ ಅಲ್ಲಿ ಐದು ದಿನದ ಕೆಲಸ ಇದೆ, ವಿನೋಬನಗರದ ಕಡೆ ಆರು ಗಂಟೆವರೆಗೆ ಮಕ್ಕಳನ್ನು ನೋಡಿಕೊಳ್ಳುವ ಒಳ್ಳೆ ಡೇ ಕೇರ್ ಗೊತ್ತಿದ್ದವರು ಹೇಳಿ. ಮನೆ ನಾನು ಹುಡುಕಿಕೊಳ್ಳುತ್ತೇನೆ.