ಓಡಾಡುವ ಹೋಲ್‌ನ ಬೆನ್ನು ಹತ್ತಿ

ಚೌಕುಳಿ ಹಾಳೆಯಲ್ಲಿ ಮೇಲ್ಮುಖ, ಕೆಳಮುಖ ಬಾಣಗಳನ್ನು ಒಂದರ ಪಕ್ಕ ಇನ್ನೊಂದರಂತೆ ತುಂಬಿ, ನಡುವಿನ ಒಂದನ್ನು ರಬ್ಬರಿನಿಂದ ಅಳಿಸಿದೆ. ಬಾಣವೆಂದರೆ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದರ ಪುಟ್ಟ ಕಾಂತದ ದಿಕ್ಕು; ಖಾಲಿ ಮನೆಯೇ ಹೋಲ್. ಎಲೆಕ್ಟ್ರಾನ್ ಪಕ್ಕದ ಖಾಲಿ ಮನೆಗೆ ಹಾರುವ ಬಲ ಟಿ, ನೆರೆಯ ಸ್ಪಿನ್‌ಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗಿಸುವ ಬಲ ಜೆ. ಇವೆರಡರ ಟಿ-ಜೆ ಮಾದರಿ ನನಗೆ ತಲೆಗೆ ಹತ್ತಿದ್ದು ಆ ಖಾಲಿ ಮನೆಯಿಂದ. ಹೋಲ್ ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಅಲ್ಲಿದ್ದ ಸ್ಪಿನ್ ಎಡಕ್ಕೆ ಬಂದು, ತನ್ನಂತೆಯೇ ಮುಖಮಾಡಿದ ಮೂರು ನೆರೆಯ ಸ್ಪಿನ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕೆಟ್ಟ ಬಂಧಗಳು, ಅಂದರೆ ಒಂದೇ ದಿಕ್ಕಿಗೆ ಮುಖಮಾಡಿದ ನೆರೆಜೋಡಿಗಳು, ಮೂರು. ನೇರವಾಗಿ ಮುಂದುವರಿದರೆ ಐದು, ಆಮೇಲೆ ಏಳು. ಹೋದಷ್ಟು ದೂರಕ್ಕೂ ದಂಡ ತೆರಬೇಕು. ನೆರೆಯ ಸ್ಪಿನ್‌ಗಳು ಜೋಡಿಯಾಗಿ ಮಗುಚಿ ಆ ಜಾಡನ್ನು ಅಳಿಸಿದಾಗ ಮಾತ್ರ ಹೋಲ್‌ಗೆ ಸಲೀಸಾಗಿ ಮುಂದೆ ಸಾಗಲು ಸಾಧ್ಯ. ಹಾಗಾಗಿ ಅದರ ವೇಗವನ್ನು ನಿರ್ಧರಿಸುವುದು ಬಹುಮಟ್ಟಿಗೆ ಟಿ ಅಲ್ಲ, ಜೆ.

ಇದನ್ನು ಲೆಕ್ಕದಲ್ಲೇ ಕಾಣಬೇಕೆಂದು 4×4 ಜಾಲಕ ತೆಗೆದುಕೊಂಡೆ. ಅಂಚುಗಳು ಸುತ್ತಿ ಕೂಡಿಕೊಳ್ಳುತ್ತವೆ. ಒಂದು ಹೋಲ್, 15 ಎಲೆಕ್ಟ್ರಾನ್, ಎಂಟು ಮೇಲೆ, ಏಳು ಕೆಳಗೆ: 1,02,960 ಸ್ಥಿತಿಗಳು. ಇಡೀ ಜಾಲಕವನ್ನು ಒಂದು ಮನೆ ಸರಿಸಿದರೂ ಏನೂ ಬದಲಾಗದು ಎಂಬ ಸ್ಥಾನಾಂತರ ಸಮಮಿತಿ ಬಳಸಿದರೆ, ಹದಿನಾರು ಸಂವೇಗಗಳಲ್ಲಿ ಪ್ರತಿಯೊಂದಕ್ಕೆ 6,435.

ಫಲಿತಾಂಶ ಬಂತು, ಆದರೆ ನನಗೆ ನಂಬಿಕೆ ಬರಲಿಲ್ಲ. ಪರೀಕ್ಷಿಸಲೆಂದು ಎಲ್ಲ 15 ಸ್ಪಿನ್‌ಗಳನ್ನೂ ಮೇಲ್ಮುಖ ಮಾಡಿದೆ. ಆಗ ಉಳಿಯುವುದು ಕೇವಲ 16 ಸ್ಥಿತಿಗಳು, ಕನಿಷ್ಠ ಶಕ್ತಿ −4 ಟಿ ಬರಲೇಬೇಕು. ಬಂದದ್ದು −3.414 ಟಿ. ಆ ಸಂಖ್ಯೆಯನ್ನೇ ಬಹಳ ಹೊತ್ತು ನೋಡುತ್ತಾ ಕುಳಿತೆ. 3.414 ಎಂದರೆ ಎರಡು ಮತ್ತು ಎರಡರ ವರ್ಗಮೂಲದ ಮೊತ್ತ. ಅಂದರೆ ಎಲ್ಲೋ 45 ಡಿಗ್ರಿಯ ಕೊಸೈನ್ ಅಡಗಿದೆ. ನಾಲ್ಕು ಮನೆಗಳ ಸುತ್ತಿನಲ್ಲಿ 90ರ ಗುಣಕಗಳಿಗಷ್ಟೇ ಜಾಗ. 45 ಬರಬೇಕಾದರೆ ಒಂದು ಸುತ್ತು ಹಾಕಿದಾಗ ಚಿಹ್ನೆ ಬದಲಾಗುತ್ತಿರಬೇಕು. ಎಲೆಕ್ಟ್ರಾನ್ ಹಾರುವಾಗ ನಾನು ಕೊಟ್ಟ ಕ್ರಮಸಂಖ್ಯೆಯಲ್ಲಿ ನಡುವೆ ದಾಟುವ ಎಲೆಕ್ಟ್ರಾನ್‌ಗಳು ಬೆಸವಾದರೆ ಋಣ ಚಿಹ್ನೆ. ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಸುತ್ತಿ ಬರುವ ಬಂಧಗಳಲ್ಲಿ 11ರ ಬದಲು 12 ಎಣಿಸಿದ್ದೆ! ತಿದ್ದಿದೊಡನೆ −4. ಜೆ ಸೊನ್ನೆ ಮಾಡಿ ಪೂರ್ಣ ಲೆಕ್ಕ ಓಡಿಸಿದಾಗಲೂ ಅದೇ −4 ಬಂತು, ಜೆ ಇಲ್ಲದಾಗ ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗಿದ್ದರೆ ಶಕ್ತಿ ಕನಿಷ್ಠ ಎಂದು 1966ರಲ್ಲಿ ಭೌತವಿಜ್ಞಾನಿ ನಗಾವೋಕಾ ಸಾಧಿಸಿದಂತೆ.

ಆಮೇಲೆ ಹೋಲ್ ಸುತ್ತಲಿನ ಸ್ಪಿನ್‌ಗಳ ಎರಡು ನಕ್ಷೆ ಮಾಡಿದೆ: ಕಟ್ಟಿಹಾಕಿದ ಹೋಲ್‌ಗೆ ಒಂದು, ಓಡಾಡುವ ಹೋಲ್‌ಗೆ ಇನ್ನೊಂದು. ಹೋಲ್‌ನ ಬಲ ಮತ್ತು ಮೇಲಿನ ನೆರೆಯ ಸ್ಪಿನ್‌ಗಳು ಕರ್ಣದಲ್ಲಿ ಪರಸ್ಪರ ಒಂದೇ ದಿಕ್ಕಿಗೆ ಒಲಿಯುತ್ತವೆ. ಹೋಲ್ ಅನ್ನು ಕಟ್ಟಿಹಾಕಿದಾಗ ಆ ಒಲವು ಗಟ್ಟಿಯಾಗಿಯೇ ಉಳಿಯಿತು. ಓಡಾಡಲು ಬಿಟ್ಟಾಗ ಕುಸಿಯಿತು, ಏಕೆಂದರೆ ಅದು ಈಗಷ್ಟೇ ದಾಟಿಬಂದ ಸ್ಪಿನ್ ತಪ್ಪು ಮನೆಯಲ್ಲಿದೆ. ಇದೇ ವ್ಯತ್ಯಾಸವನ್ನು ಜರ್ಮನಿಯ ಗಾರ್ಚಿಂಗ್‌ನ ಪ್ರಯೋಗಕಾರರು ತಣ್ಣನೆಯ ಲಿಥಿಯಂ ಪರಮಾಣುಗಳಲ್ಲಿ ಕಣ್ಣಾರೆ ಕಂಡು 2019ರಲ್ಲಿ ಪ್ರಕಟಿಸಿದರು. ಅವರಲ್ಲಿ ಓಡಾಡುತ್ತಿದ್ದದ್ದು ಖಾಲಿ ಮನೆಯಲ್ಲ, ಎರಡು ಪರಮಾಣು ಕೂತ ಮನೆ. ಅದನ್ನು ಬೆಳಕಿನ ಚಿಮುಟದಿಂದ ಹಿಡಿದು ನಿಲ್ಲಿಸಿದಾಗ ಸುತ್ತಲಿನ ಕಲಕು ಮಾಯವಾಯಿತು.