ಮನೆಯಲ್ಲಿ ಬೀಸಿದ ಹಿಟ್ಟಿನ ಬ್ರೆಡ್ ಉಬ್ಬದಿದ್ದರೆ

ಮನೆಯ ಕಲ್ಲಿನ ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟಿನ ಬ್ರೆಡ್ ಇಟ್ಟಿಗೆಯಂತೆ ಆಗುತ್ತಿತ್ತು. ಕೊಯ್ದರೆ ಪುಡಿಪುಡಿ. ಯೀಸ್ಟ್ ಹೆಚ್ಚಿಸಿದೆ, ವಾಸನೆ ಬಂತೇ ಹೊರತು ಎತ್ತರ ಬರಲಿಲ್ಲ. ಜಾಸ್ತಿ ಹೊತ್ತು ನಾದಿದರೂ ಅಷ್ಟೇ. ಕಲ್ಲು ಪೂರ್ತಿ ಬಿಗಿ ಮಾಡಿದರೆ ಹಿಟ್ಟು ಸುಮ್ನೆ ಬಿಸಿಯಾಯಿತು.

ಕೊನೆಗೆ ಫಲ ಕೊಟ್ಟದ್ದು ಎರಡು ಸಲ ಬೀಸಿ, ತೌಡನ್ನು ಬೇರೆಯಾಗಿ ನೆನೆಸಿದ್ದು. ತೌಡಿನ ಚೂಪು ಚೂರುಗಳು ಗಾಳಿ ಹಿಡಿದಿಟ್ಟು ಬ್ರೆಡ್ ಉಬ್ಬಿಸುವ ಗ್ಲುಟೆನ್ (ಗೋಧಿಯ ಅಂಟು) ಎಳೆಗಳನ್ನು ಕಡಿಯುತ್ತವೆ, ನೀರನ್ನೂ ಹೀರುತ್ತವೆ.

ಖಾಲಿ ಗಿರಣಿ ಓಡಿಸಿ, ಕಲ್ಲುಗಳು ಟಿಕ್ ಟಿಕ್ ಎನ್ನುವವರೆಗೆ ಬಿಗಿ ಮಾಡಿ, ತುಸು ಸಡಿಲಿಸಿ. ಅದೇ ನುಣುಪಿನ ಗುರುತು. ಮೊದಲ ಸಲ ಇನ್ನೂ ಸಡಿಲಿಸಿ ರವೆಯಂತೆ ಬೀಸಿ. ಆರಿದ ಮೇಲೆ ಗುರುತಿಗೆ ತಂದು ಮತ್ತೆ ಬೀಸಿ. 500 ಗ್ರಾಂ ಹಿಟ್ಟು ಜರಡಿ ಹಿಡಿದು, ತೌಡಿಗೆ 100 ಗ್ರಾಂ ಕುದಿಯುವ ನೀರು ಹಾಕಿ. ಉಳಿದ ಹಿಟ್ಟಿಗೆ ಸದ್ಯ ಬರೀ ನೀರು, 275 ಗ್ರಾಂ, ಕಲಸಿ 45 ನಿಮಿಷ ಮುಚ್ಚಿಡಿ. ಮೈದಾ ಅಳತೆಯ ನೀರು ಇಲ್ಲಿ ಸಾಲುವುದಿಲ್ಲ, ಹಿಟ್ಟು ಕೈಗೆ ಅಂಟಲಿ ಬಿಡಿ. ಆಮೇಲೆ ಆರಿದ ತೌಡು, 5 ಗ್ರಾಂ ಒಣ ಯೀಸ್ಟ್, 10 ಗ್ರಾಂ ಉಪ್ಪು ಸೇರಿಸಿ ನಾದಿ. ಟಿನ್ನಿಗೆ ಹಾಕಿದ ಮೇಲೆ ದುಪ್ಪಟ್ಟಾಗಲು ಕಾಯಬೇಡಿ. ಒಂದೂವರೆಯಷ್ಟು ಉಬ್ಬಿದಾಗಲೇ ಓವನ್‌ಗೆ ಇಡಿ.