‘ಬ್ರಹ್ಮಕಲಶೋತ್ಸವ’ವನ್ನು ಒಂದೇ ಸಾಲಿನಲ್ಲಿ ಕೂರಿಸುವ ಬಗೆ

ಕಾಸರಗೋಡಿನಲ್ಲಿ ಬ್ಯಾನರು ಮಾಡುವವರಿಗೆ ಅಗಲದ ಕೊರತೆ ಯಾವಾಗಲೂ ಇದ್ದದ್ದೇ. ಅರ್ಧ ಜಾಗ ಮಲಯಾಳಕ್ಕೆ ಹೋದ ಮೇಲೆ, ಉಳಿದರ್ಧದಲ್ಲಿ ‘ಬ್ರಹ್ಮಕಲಶೋತ್ಸವ’ ಎಂಬ ಏಳಕ್ಷರದ ಪದವನ್ನು ಬಸ್ಸಿನಲ್ಲಿ ಕುಳಿತವರಿಗೂ ಕಾಣುವಂತೆ ಕೂರಿಸಬೇಕು. ಇಂಥ ಇಕ್ಕಟ್ಟಿಗೆ ರೋಮನ್ ಲಿಪಿಯವರು ಹತ್ತೊಂಬತ್ತನೆಯ ಶತಮಾನದಲ್ಲೇ ಒಂದು ಉಪಾಯ ಕಂಡುಕೊಂಡಿದ್ದರು. ಅಮೆರಿಕದಲ್ಲಿ 1827ರಲ್ಲಿ ಡೇರಿಯಸ್ ವೆಲ್ಸ್ ಮರದ ಅಚ್ಚಕ್ಷರಗಳನ್ನು ಯಂತ್ರದಿಂದ ಕೊರೆಯತೊಡಗಿದ ಮೇಲೆ ಭಿತ್ತಿಪತ್ರಗಳಿಗಾಗಿ ಎತ್ತರವಾದ, ದಪ್ಪನೆಯ, ಅಗಲ ಕಿರಿದಾದ ಅಕ್ಷರಗಳು ಹೇರಳವಾಗಿ ಬಂದವು. ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಚಾಚುಗಳಿರುವ ಆ ಸೆರಿಫ್ ಅಕ್ಷರಗಳ ಗತ್ತನ್ನು ಕನ್ನಡಕ್ಕೆ ತರಬಹುದು. ಆದರೆ ನಮ್ಮ ಲಿಪಿಯಲ್ಲಿ ಅಗಲದಲ್ಲಿ ಉಳಿಸಿದ್ದನ್ನು ಎತ್ತರದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು.

ಇರುವ ಫಾಂಟನ್ನೇ ಎರಡು ಬದಿಯಿಂದ ಒತ್ತಿ ಕಿರಿದಾಗಿಸುವುದು ಎಲ್ಲರೂ ಮಾಡುವ ತಪ್ಪು, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಫಾಂಟಿನಲ್ಲಿ ಅಕ್ಷರ ಬರೆಯುವ ಸಾವಿರ ಘಟಕಗಳ ಚೌಕಟ್ಟಿನಲ್ಲಿ ನಿಂತ ಗೆರೆಯ ದಪ್ಪ 150, ಮಲಗಿದ ಗೆರೆಯ ದಪ್ಪ 40 ಇದೆಯೆಂದುಕೊಳ್ಳಿ. ಅಗಲವನ್ನು ಶೇಕಡಾ 60ಕ್ಕೆ ಇಳಿಸಿದರೆ ನಿಂತ ಗೆರೆ 90ಕ್ಕೆ ಸೊರಗುತ್ತದೆ, ಮಲಗಿದ ಗೆರೆ ಮಾತ್ರ 40ರಲ್ಲೇ ಉಳಿಯುತ್ತದೆ. ಹೀಗೆ ದಪ್ಪ–ತೆಳುವಿನ ಲಯ ಕೆಟ್ಟ ಅಕ್ಷರವು ಹಸಿವಿನಿಂದ ಬಡಕಲಾದಂತೆ ಕಾಣುತ್ತದೆ. ಆದ್ದರಿಂದ ಅಕ್ಷರವನ್ನು ಹೊಸದಾಗಿಯೇ ಬರೆಯಬೇಕು. ದುಂಡು ಹೊಟ್ಟೆಯ ಎರಡೂ ಬದಿಗಳನ್ನು ಬಹುಮಟ್ಟಿಗೆ ನೇರವಾಗಿಸಿ, ತಿರುವನ್ನು ಮೇಲೆ ಮತ್ತು ಕೆಳಗೆ ಮಾತ್ರ ಉಳಿಸಿಕೊಳ್ಳಿ. ಬರೆಯಲು ಸುಲಭವೆಂದು ‘ರ’ದಿಂದ ಗೆರೆಯ ದಪ್ಪವನ್ನು ಗೊತ್ತುಮಾಡಬೇಡಿ, ಏಕೆಂದರೆ ‘ರ’ ಎಷ್ಟು ದಪ್ಪವನ್ನಾದರೂ ಹೊರುತ್ತದೆ; ‘ಣ’ ಮತ್ತು ‘ಝ’ ಹೊರಬಲ್ಲಷ್ಟೇ ದಪ್ಪ ಇಡೀ ಫಾಂಟಿಗೆ ಸಾಕು.

ಸೆರಿಫ್ ಎಂದರೆ ತಲೆಕಟ್ಟು ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ರೋಮನ್ ಅಕ್ಷರದ ಸೆರಿಫನ್ನು ತೆಗೆದರೂ ಅಕ್ಷರ ಅದೇ ಆಗಿರುತ್ತದೆ. ‘ಕ’ದ ತಲೆಕಟ್ಟು ಹಾಗಲ್ಲ, ‘ಕಿ’ ಅಥವಾ ‘ಕೆ’ ಆದಾಗ ಅದರ ಜಾಗದಲ್ಲಿ ಸ್ವರಚಿಹ್ನೆ ಬಂದು ಕೂರುತ್ತದೆ. ಹಾಗಾಗಿ ಕನ್ನಡದಲ್ಲಿ ಸೆರಿಫಿನ ಗತ್ತನ್ನು ದಪ್ಪ–ತೆಳು ಗೆರೆಗಳ ಅಂತರದಿಂದಲೂ, ತಲೆಕಟ್ಟಿನ ಕೊನೆಯನ್ನು ಬೆಣೆಯಂತೆ ಚೂಪಾಗಿಸುವುದರಿಂದಲೂ ತರಬೇಕೇ ಹೊರತು, ಬೇರೆ ಬಾಲಗಳನ್ನು ಅಂಟಿಸಬಾರದು.

ಇನ್ನು ಸೀಳುಗಳ ಮತ್ತು ಬೊಟ್ಟುಗಳ ವಿಚಾರ. ನಾನು ಮಾಡಿದ ಮೊದಲ ಕಿರಿದಕ್ಷರಗಳಲ್ಲಿ ‘ಷಷ್ಠಿ ಮಹೋತ್ಸವ’ ಎಂದು ಅಚ್ಚಾಗಿ ಬಂದದ್ದನ್ನು ದೂರದಿಂದ ನೋಡಿದವರೆಲ್ಲ ‘ಪಪ್ಠಿ’ ಎಂದು ಓದಿದರು. ಹೊಟ್ಟೆ ಸೀಳಿದ ‘ಷ’ದ ಹೊಟ್ಟೆ ದಪ್ಪ ಗೆರೆಗಳ ನಡುವೆ ಮುಚ್ಚಿಹೋಗಿ ‘ಪ’ ಆಗಿತ್ತು. ‘ದ’–‘ಧ’, ‘ರ’–‘ಠ’ ಜೋಡಿಗಳಲ್ಲೂ ಇದೇ ಅಪಾಯವಿದೆ. ಇಂಥ ಅಕ್ಷರಗಳಿಗೆ ಉಳಿದವಕ್ಕಿಂತ ತುಸು ಹೆಚ್ಚು ಅಗಲ ಕೊಟ್ಟು, ಸೀಳುವ ಗೆರೆಯ ಸುತ್ತಲಿನ ದಪ್ಪವನ್ನು ಕಡಿಮೆ ಮಾಡಿ. ಬಟ್ಟೆಯ ಬ್ಯಾನರಿನಲ್ಲಿ ಶಾಯಿ ಹರಡುವುದರಿಂದ ಒಳಗಿನ ಬಿಳಿ ಜಾಗವನ್ನು ಪರದೆಯಲ್ಲಿ ಸಾಕೆನಿಸಿದ್ದಕ್ಕಿಂತ ಹೆಚ್ಚಾಗಿಯೇ ಬಿಡಬೇಕು.

ಈಗ ‘ಬ್ರಹ್ಮಕಲಶೋತ್ಸವ’ಕ್ಕೆ ಬರೋಣ. ‘ಬ್ರ’ದ ಒತ್ತು ಬಲಕ್ಕೆ ಚಾಚುತ್ತದೆ, ‘ಹ್ಮ’ದ ಒತ್ತು ಅದರ ಪಕ್ಕದಲ್ಲೇ ಇದೆ. ಮೇಲಿನ ಅಕ್ಷರಗಳು ಹತ್ತಿರವಾದಂತೆ ಕೆಳಗೆ ಇವೆರಡೂ ಡಿಕ್ಕಿ ಹೊಡೆಯುತ್ತವೆ. ಒತ್ತಕ್ಷರಗಳಿಗೆ ಬೇರೆಯೇ ಕಿರಿದಾದ ರೂಪಗಳನ್ನು ಬರೆದು, ಪಕ್ಕಪಕ್ಕದಲ್ಲಿ ಒತ್ತು ಬಂದಾಗ ಅವೇ ಬರುವಂತೆ, ಸಂದರ್ಭ ನೋಡಿ ಅಕ್ಷರರೂಪ ಬದಲಿಸುವ ಸೂಚನೆಯಾದ ಓಪನ್‌ಟೈಪ್ ನಿಯಮವನ್ನು ಫಾಂಟಿನಲ್ಲಿ ಸೇರಿಸಬೇಕು. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲೇ ಇದು ಸಾಧ್ಯ. ‘ಶೋ’ ಇಡೀ ಪದದ ಅತಿ ಅಗಲದ ಅಕ್ಷರ: ಏತ್ವ, ಕೊಂಬು, ದೀರ್ಘ ಮೂರೂ ಸೇರಿರುವುದರಿಂದ ದೀರ್ಘಚಿಹ್ನೆಯನ್ನು ಆದಷ್ಟು ಒಳಕ್ಕೆ ಎಳೆದುಕೊಳ್ಳಿ.

ಬಳಸುವಾಗ ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಾಲಿನಿಂದ ಆರಂಭಿಸಿ, ಕೆಳಸಾಲಿನ ಏತ್ವ ಮೇಲ್ಸಾಲಿನ ಒತ್ತನ್ನು ಮುಟ್ಟದಷ್ಟು ಮಾತ್ರ ಇಳಿಸಿ. ಮಲಯಾಳದ ಸಾಲನ್ನು ಪಾಯಿಂಟ್ ಲೆಕ್ಕದಲ್ಲಿ ಸರಿಗಟ್ಟಿಸದೆ, ಕಣ್ಣಿಗೆ ಕಾಣುವ ಎತ್ತರಕ್ಕೆ ಹೊಂದಿಸಿ. ಕಾರ್ಯಕ್ರಮದ ವಿವರಕ್ಕೆ, ಮೇಳದ ಹೆಸರಿನ ಕೆಳಗಿನ ಕಲಾವಿದರ ಪಟ್ಟಿಗೆ ಈ ಅಕ್ಷರ ಬೇಡ; ಅಲ್ಲಿ ಸಾಮಾನ್ಯ ಅಗಲದ ಫಾಂಟೇ ಒಳ್ಳೆಯದು.

ಊರ ಹೆಸರುಗಳಲ್ಲಿ ಒಂದು ಆಯ್ಕೆ ಸಿಗುತ್ತದೆ. ‘ಪೆರ್ಲ’ ಎಂದು ಸಹಜವಾಗಿ ಟೈಪಿಸಿದರೆ ಅರ್ಕಾವತ್ತು ‘ಲ’ದ ಬಲಕ್ಕೆ ನಿಂತು ಅಗಲವನ್ನು ತಿನ್ನುತ್ತದೆ. ‘ರ’ದ ನಂತರ, ಹಲಂತಕ್ಕೆ ಮೊದಲು ಜೋಡಕವನ್ನು, ಅಂದರೆ ಕಣ್ಣಿಗೆ ಕಾಣದ ಜೋಡಿಸುವ ಸಂಕೇತವಾದ ಝಡ್‌ಡಬ್ಲ್ಯೂಜೆಯನ್ನು ಒತ್ತಿದರೆ ‘ರ’ ಪೂರ್ಣವಾಗಿಯೇ ಉಳಿದು ‘ಲ’ ಅದರಡಿ ಒತ್ತಾಗಿ ಇಳಿಯುತ್ತದೆ. ಬ್ಯಾನರಿನಲ್ಲಿ ಕೆಳಗೆ ಜಾಗವಿದ್ದರೆ ಎರಡನೆಯದನ್ನೂ, ಕೆಳಗೆ ತಾರೀಕಿನ ಸಾಲು ಒತ್ತಿಕೊಂಡಿದ್ದರೆ ಮೊದಲನೆಯದನ್ನೂ ಇಟ್ಟುಕೊಳ್ಳಿ.